ಪಹಣಿ ತಿದ್ದುವ ಶಿಸ್ತು ಡೇಟಾಬೇಸಿಗೂ ಬೇಕು

ಡೇಟಾಬೇಸ್ ನೋಡಿಕೊಳ್ಳಲು ಯಾವ ಸಾಫ್ಟ್‌ವೇರ್ ಕೊಂಡರೆ ಒಳ್ಳೆಯದು ಎಂಬ ಪ್ರಶ್ನೆ ಈ ಅಂಕಣಕ್ಕೆ ಮೇಲಿಂದ ಮೇಲೆ ಬರುತ್ತಿದೆ. ಯಾದಗಿರಿಯ ಪತ್ತಿನ ಸಹಕಾರಿಗಳ ವ್ಯವಸ್ಥಾಪಕರು, ಶಹಾಪುರದ ಜಿನ್ನಿಂಗ್ ಮಿಲ್ಲುಗಳ ಲೆಕ್ಕದವರು, ಸುರಪುರದ ಖಾಸಗಿ ಆಸ್ಪತ್ರೆ ಮತ್ತು ಕಾಲೇಜುಗಳಲ್ಲಿ ಕಂಪ್ಯೂಟರ್ ಜವಾಬ್ದಾರಿ ಹೊತ್ತವರು ಇದನ್ನು ಕೇಳುತ್ತಾರೆ. ಕೈಯಲ್ಲಿ ಒಂದೆರಡು ಕೊಟೇಶನ್ ಇರುತ್ತವೆ. ಒಂದು ಹೈದರಾಬಾದಿನದು, ಇನ್ನೊಂದು ಬೆಂಗಳೂರಿನದು. ಎರಡರಲ್ಲೂ ಸೌಲಭ್ಯಗಳ ಪಟ್ಟಿ ಉದ್ದುದ್ದ, ಬೆಲೆಯಲ್ಲಿ ಮಾತ್ರ ಅಜಗಜಾಂತರ. ಯಾವುದು ಸರಿ ಎಂದು ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಒಂದೇ ಮಾತು: ಕೊಟೇಶನ್ ಬದಿಗಿಡಿ, ನಿಮ್ಮ ಸಂಸ್ಥೆಯಲ್ಲಿ ಡೇಟಾವನ್ನು ಈಗ ಯಾರು, ಹೇಗೆ ತಿದ್ದುತ್ತಿದ್ದಾರೆ ಎಂಬುದನ್ನು ಬರೆದುಕೊಂಡು ಬನ್ನಿ.

ಈ ಸಾಫ್ಟ್‌ವೇರುಗಳಲ್ಲಿ ಎರಡು ಜಾತಿ. ಒಂದು, ಡೇಟಾಬೇಸಿನ ಒಳಗೆ ಹೋಗಿ ನೋಡಲು, ಹುಡುಕಲು, ಬ್ಯಾಕಪ್ ತೆಗೆಯಲು, ಬಳಕೆದಾರರಿಗೆ ಅನುಮತಿ ಕೊಡಲು ಇರುವ ಆಡಳಿತದ ಸಾಧನ. ಎಸ್‌ಕ್ಯೂಎಲ್ ಸರ್ವರ್ ಮ್ಯಾನೇಜ್‌ಮೆಂಟ್ ಸ್ಟುಡಿಯೋ, ಪಿಜಿಅಡ್ಮಿನ್, ಪಿಎಚ್‌ಪಿಮೈಅಡ್ಮಿನ್, ಡಿಬೀವರ್, ನ್ಯಾವಿಕ್ಯಾಟ್, ಟೋಡ್, ಡಿಬಿಫೋರ್ಜ್ ಈ ಸಾಲಿನವು. ಇನ್ನೊಂದು, ಡೇಟಾಬೇಸಿನ ರಚನೆಯಲ್ಲಿ ಮಾಡುವ ಪ್ರತಿ ಬದಲಾವಣೆಯನ್ನೂ ಕ್ರಮವಾಗಿ ದಾಖಲಿಸಿ, ಒಂದೇ ರೀತಿ ಎಲ್ಲ ಕಡೆ ಜಾರಿ ಮಾಡಿ, ಬೇಕಾದರೆ ಹಿಂದಕ್ಕೆ ತರುವ ಸಾಧನ. ಫ್ಲೈವೇ, ಲಿಕ್ವಿಬೇಸ್, ರೆಡ್‌ಗೇಟ್ ಕಂಪನಿಯ ಎಸ್‌ಕ್ಯೂಎಲ್ ಕಂಪೇರ್ ಈ ಕೆಲಸಕ್ಕೆ ಇವೆ. ಮಾರುವವರು ಎರಡನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ ಕೊಡುತ್ತಾರೆ. ಕೊಳ್ಳುವವರು ಬಿಡಿಸಿ ನೋಡಬೇಕು, ಏಕೆಂದರೆ ಮೊದಲನೆಯದು ಬಹುತೇಕರಿಗೆ ಪುಕ್ಕಟೆಯೇ ಸಿಗುತ್ತದೆ, ಎರಡನೆಯದರ ಅಗತ್ಯ ಇದೆ ಎಂಬುದೇ ಬಹುತೇಕರಿಗೆ ಹೊಳೆದಿರುವುದಿಲ್ಲ.

ನಮ್ಮ ಮೂರೂ ತಾಲ್ಲೂಕುಗಳಲ್ಲಿ ನಾನು ಕಂಡ ವಾಸ್ತವ ಹೀಗಿದೆ. ಸಣ್ಣ ಸಂಸ್ಥೆಗಳಲ್ಲಿ ಡೇಟಾಬೇಸ್ ನೋಡಿಕೊಳ್ಳಲೆಂದೇ ನೇಮಿಸಿದ ಮನುಷ್ಯ ಇರುವುದಿಲ್ಲ. ಸಾಫ್ಟ್‌ವೇರ್ ಹಾಕಿಕೊಟ್ಟವರು ಕಲಬುರಗಿಯಲ್ಲೋ ಹೈದರಾಬಾದಿನಲ್ಲೋ ಇರುತ್ತಾರೆ. ಬಡ್ಡಿ ಲೆಕ್ಕ ತಪ್ಪಿತು, ರಸೀದಿ ಸಂಖ್ಯೆ ಹಾರಿತು ಎಂದು ಫೋನ್ ಮಾಡಿದರೆ, "ಎನಿಡೆಸ್ಕ್ ಹಚ್ರಿ ಸರ್, ಎರಡ್ ನಿಮಿಷದಾಗ ಮಾಡಿಕೊಡ್ತೀನಿ" ಎನ್ನುತ್ತಾರೆ. ಎರಡು ನಿಮಿಷದಲ್ಲಿ ಮಾಡಿಯೂ ಕೊಡುತ್ತಾರೆ. ಆದರೆ ಯಾವ ಟೇಬಲ್ ಮುಟ್ಟಿದರು, ಮೊದಲು ಏನಿತ್ತು, ಈಗ ಏನಾಯಿತು, ಯಾರ ಒಪ್ಪಿಗೆ ಪಡೆದರು ಎಂಬ ಒಂದು ಸಾಲಿನ ದಾಖಲೆಯೂ ಉಳಿಯುವುದಿಲ್ಲ. ಸರ್ವರಿನ ಮುಖ್ಯ ಪಾಸ್‌ವರ್ಡು ಸಂಸ್ಥೆಯವರಿಗೇ ಗೊತ್ತಿರುವುದಿಲ್ಲ, ಫೋನಿನ ಆ ಕಡೆ ಇರುವವರಿಗೆ ಗೊತ್ತಿರುತ್ತದೆ. ಒಂದು ಸಹಕಾರಿಯಲ್ಲಿ ಸದಸ್ಯರ ಷೇರು ಮೊತ್ತ ಲೆಡ್ಜರಿನಲ್ಲಿ ಒಂದು, ಕಂಪ್ಯೂಟರಿನಲ್ಲಿ ಇನ್ನೊಂದು ತೋರಿಸುತ್ತಿತ್ತು. ಆಡಿಟರ್ ಕೇಳಿದಾಗ ಉತ್ತರ ಕೊಡಬಲ್ಲವರು ಯಾರೂ ಇರಲಿಲ್ಲ. ಆ ಸಂಸ್ಥೆಯವರು ಪ್ರಾಮಾಣಿಕರು, ಸಾಫ್ಟ್‌ವೇರಿನವರೂ ದುಡ್ಡು ತಿಂದವರಲ್ಲ. ಬದಲಾವಣೆಗೆ ಒಂದು ಕ್ರಮ ಇಲ್ಲದ್ದರಿಂದ ಎಲ್ಲರ ಮೇಲೂ ಅನುಮಾನ ಬಂತು.

ಆ ಕ್ರಮ ಹೇಗಿರಬೇಕೆಂದು ತಿಳಿಯಲು ದೂರ ಹೋಗಬೇಕಿಲ್ಲ, ತಹಶೀಲ್ದಾರ್ ಕಚೇರಿಯ ಭೂಮಿ ಕೇಂದ್ರ ಸಾಕು. ರಾಷ್ಟ್ರೀಯ ಮಾಹಿತಿ ಕೇಂದ್ರ ರೂಪಿಸಿದ ಭೂಮಿ ತಂತ್ರಾಂಶ ಈ ಶತಮಾನದ ಆರಂಭದಲ್ಲೇ ರಾಜ್ಯದ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ದಾಖಲೆಗಳನ್ನು ಕಂಪ್ಯೂಟರಿಗೆ ತಂದಿತು. ಅದರ ಮುಂದಾಳು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ಎಲ್ಲರೂ ಹೊಗಳುವುದು ಪಹಣಿ ಬೇಗ ಸಿಗುತ್ತದೆ ಎಂಬುದನ್ನು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಪಹಣಿಯನ್ನು ತಿದ್ದಲು ಅದು ಹಾಕಿದ ಕಟ್ಟು. ಜಮೀನು ಮಾರಾಟವಾದರೆ ಹೆಸರು ತಾನಾಗಿ ಬದಲಾಗದು. ಅರ್ಜಿ ಬರಬೇಕು, ಅದಕ್ಕೊಂದು ಸಂಖ್ಯೆ ಬೀಳಬೇಕು, ಮೊದಲು ಬಂದದ್ದು ಮೊದಲು ಎಂಬ ಸರದಿಯಲ್ಲಿ ಅದು ಸಾಗಬೇಕು. ತಕರಾರು ಇದ್ದವರಿಗೆ ನೋಟಿಸು ಮತ್ತು ಕಾಲಾವಕಾಶ. ಆಮೇಲೆ ಮ್ಯುಟೇಶನ್ ಮಂಜೂರು ಮಾಡುವವರು ಒಬ್ಬರು, ಕಂಪ್ಯೂಟರಿನಲ್ಲಿ ನಮೂದಿಸುವವರು ಇನ್ನೊಬ್ಬರು. ಕಂಪ್ಯೂಟರಿನ ಮುಂದೆ ಕೂತ ಸಿಬ್ಬಂದಿ ಬೆರಳಗುರುತು ಕೊಟ್ಟರೆ ಮಾತ್ರ ವ್ಯವಸ್ಥೆ ತೆರೆಯುತ್ತದೆ, ಹಾಗಾಗಿ ನಾನು ಮಾಡಿಲ್ಲ ಎನ್ನಲು ಬರುವುದಿಲ್ಲ. ಎಂ.ಆರ್. ಅಂದರೆ ಮ್ಯುಟೇಶನ್ ರಿಜಿಸ್ಟರಿನ ಸಂಖ್ಯೆ ಹಿಡಿದು ಹೋದರೆ ಹಳೆಯ ನಮೂದು ಯಾವುದು, ಹೊಸದು ಯಾವ ಆದೇಶದಿಂದ ಬಂತು ಎಂದು ಕಾಣುತ್ತದೆ. ಭೂಮಿಯಲ್ಲೂ ತಪ್ಪುಗಳಾಗಿವೆ, ತಿದ್ದುಪಡಿಗೆ ರೈತರು ಅಲೆದದ್ದೂ ಉಂಟು. ಆದರೆ ತಪ್ಪಾದಾಗ ಅದು ಎಲ್ಲಿ ಆಯಿತೆಂದು ಹುಡುಕಲು ದಾರಿ ಇರುತ್ತದೆ. ನೀವು ದುಡ್ಡು ಕೊಡಲಿರುವ ಸಾಧನ ನಿಮ್ಮ ಡೇಟಾಬೇಸಿಗೆ ಇಷ್ಟನ್ನು ಮಾಡಿಕೊಡುತ್ತದೆಯೇ ಎಂಬುದು ಮೊದಲ ಪರೀಕ್ಷೆ.

ಬದಲಾವಣೆ ಎಂದರೆ ನಮ್ಮ ಕಡೆಯವರಿಗೆ ವಿಶೇಷವಾಗಿ ಅರ್ಥವಾಗಬೇಕು. ಹುಣಸಗಿಯನ್ನೇ ನೋಡಿ. ಹಳೇ ಶಿಲಾಯುಗದ ನೆಲೆಗಳಿಂದಾಗಿ ಪುರಾತತ್ವ ಬಲ್ಲವರಿಗೆಲ್ಲ ಪರಿಚಿತವಾದ ಈ ಊರು ಮೊದಲು ಗುಲಬರ್ಗಾ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿತ್ತು. 2009ರ ಡಿಸೆಂಬರ್ 30ರಂದು ಯಾದಗಿರಿ ಹೊಸ ಜಿಲ್ಲೆಯಾದಾಗ ಅದು ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿಗೆ ಬಂತು. ಆಮೇಲೆ ಹುಣಸಗಿಯೇ ತಾಲ್ಲೂಕು ಕೇಂದ್ರವಾಯಿತು. ಶಹಾಪುರದಿಂದ ವಡಗೇರಾ, ಯಾದಗಿರಿಯಿಂದ ಗುರುಮಠಕಲ್ ಹೀಗೆಯೇ ಬೇರೆಯಾದವು. ನಡುವೆ 2014ರ ನವೆಂಬರ್ 1ರಂದು ಗುಲಬರ್ಗಾ ಕಲಬುರಗಿಯಾಯಿತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಸುರಪುರ ವಿಧಾನಸಭಾ ಕ್ಷೇತ್ರದ ಹೆಸರು ಇಂಗ್ಲಿಷ್ ದಾಖಲೆಗಳಲ್ಲಿ ಶೋರಾಪುರ ಎಂದೇ ಇದೆ. ಹುಣಸಗಿಯ ಒಬ್ಬ ಸದಸ್ಯರು 2008ರಲ್ಲಿ ಸಾಲ ಪಡೆದಿದ್ದರೆ ಪತ್ರದಲ್ಲಿ ಗುಲಬರ್ಗಾ ಜಿಲ್ಲೆ, ಸುರಪುರ ತಾಲ್ಲೂಕು ಎಂದಿರುತ್ತದೆ. ಕಂಪ್ಯೂಟರಿನಲ್ಲಿ ಯಾರೋ ಎಲ್ಲವನ್ನೂ ಒಮ್ಮೆಗೇ ಯಾದಗಿರಿ ಜಿಲ್ಲೆ, ಹುಣಸಗಿ ತಾಲ್ಲೂಕು ಎಂದು ಬದಲಿಸಿದ್ದರೆ ಹಳೆಯ ಪತ್ರಕ್ಕೂ ಕಂಪ್ಯೂಟರಿಗೂ ತಾಳೆಯಾಗದು, ವಸೂಲಿ ದಾವೆಯಲ್ಲಿ ಎದುರಿನ ವಕೀಲರು ಕೇಳುವ ಮೊದಲ ಪ್ರಶ್ನೆ ಅದೇ ಆಗಬಹುದು.

ಇನ್ನೂ ಒಂದು ಕಡೆ ಕಾಲು ಜಾರುತ್ತದೆ. ಗುಲಬರ್ಗಾ ಎಂದಿರುವುದನ್ನೆಲ್ಲ ಕಲಬುರಗಿ ಮಾಡು ಎಂಬ ಒಂದೇ ಸಾಲಿನ ಆದೇಶ ಕೊಟ್ಟರೆ ಗುಲಬರ್ಗಾ ವಿಶ್ವವಿದ್ಯಾಲಯದ ಹೆಸರೂ ಬದಲಾಗಿಬಿಡುತ್ತದೆ. ಊರಿನ ಹೆಸರು ಬದಲಾದರೂ ವಿಶ್ವವಿದ್ಯಾಲಯದ ಹೆಸರು ಹಾಗೆಯೇ ಉಳಿದಿದೆ. ಕಾಲೇಜೊಂದರ ಡೇಟಾಬೇಸಿನಲ್ಲಿ ಇದು ನಡೆದರೆ ವಿದ್ಯಾರ್ಥಿಯ ಪ್ರಮಾಣಪತ್ರದ ಮೇಲೆ ಅಸ್ತಿತ್ವದಲ್ಲೇ ಇಲ್ಲದ ವಿಶ್ವವಿದ್ಯಾಲಯ ಅಚ್ಚಾಗುತ್ತದೆ. ಆದ್ದರಿಂದ ಎಷ್ಟು ಸಾಲುಗಳು ಬದಲಾಗಲಿವೆ ಎಂದು ಮೊದಲೇ ತೋರಿಸುವ, ಬೇರೊಬ್ಬರು ನೋಡಿ ಒಪ್ಪುವವರೆಗೆ ಜಾರಿ ಮಾಡದ ಸಾಧನಕ್ಕೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಸಾವಿರಾರು ಸೌಲಭ್ಯಗಳ ಪಟ್ಟಿಗಿಂತ ಈ ಒಂದು ತಡೆ ಮುಖ್ಯ.

ಬದಲಾವಣೆ ಸಾಧನಗಳು ಕೆಲಸ ಮಾಡುವ ರೀತಿ ಎರಡು. ಒಂದರಲ್ಲಿ ಹಳೆಯ ಡೇಟಾಬೇಸನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು, ವ್ಯತ್ಯಾಸ ಕಂಡುಹಿಡಿದು, ಅದನ್ನು ಸರಿಪಡಿಸುವ ಆದೇಶಗಳನ್ನು ಸಾಧನವೇ ಬರೆಯುತ್ತದೆ. ಎಸ್‌ಕ್ಯೂಎಲ್ ಕಂಪೇರ್ ಈ ಬಗೆಯದು. ನೋಡಲು ಬಹಳ ಸುಲಭ, ಡೆಮೋದಲ್ಲಿ ಮನಸ್ಸು ಗೆಲ್ಲುವುದೂ ಇದೇ. ಆದರೆ ಸಾಧನಕ್ಕೆ ನಿಮ್ಮ ಉದ್ದೇಶ ಗೊತ್ತಿರುವುದಿಲ್ಲ. ಗ್ರಾಮ ಎಂಬ ಕಾಲಮ್ಮಿಗೆ ನೀವು ಊರು ಎಂದು ಹೆಸರು ಬದಲಿಸಿದರೆ, ಗ್ರಾಮ ಹೋಯಿತು, ಊರು ಹೊಸದಾಗಿ ಬಂತು ಎಂದೇ ಅದು ತಿಳಿಯುವ ಸಂಭವ ಹೆಚ್ಚು. ಗಮನಿಸದೆ ಒತ್ತಿದರೆ ಗ್ರಾಮದ ಕಾಲಮ್ಮು ಅದರಲ್ಲಿದ್ದ ಮಾಹಿತಿಯ ಸಮೇತ ಅಳಿಯುತ್ತದೆ. ಇನ್ನೊಂದರಲ್ಲಿ ಪ್ರತಿ ಬದಲಾವಣೆಯನ್ನೂ ನೀವೇ ಒಂದು ಸಂಖ್ಯೆ ಹಾಕಿದ ಕಡತದಲ್ಲಿ ಬರೆಯಬೇಕು. ಯಾವ ಯಾವ ಸಂಖ್ಯೆ ಜಾರಿಯಾಗಿದೆ ಎಂಬುದನ್ನು ಸಾಧನ ಡೇಟಾಬೇಸಿನಲ್ಲೇ ಒಂದು ಟೇಬಲ್ಲಿನಲ್ಲಿ ಬರೆದಿಡುತ್ತದೆ, ಜಾರಿಯಾದ ಕಡತವನ್ನು ಆಮೇಲೆ ಯಾರಾದರೂ ತಿದ್ದಿದರೆ ಎಚ್ಚರಿಸುತ್ತದೆ. 2006ರಲ್ಲಿ ಶುರುವಾದ ಲಿಕ್ವಿಬೇಸ್, 2010ರ ಫ್ಲೈವೇ ಈ ದಾರಿಯವು. ಶುರುವಿನಲ್ಲಿ ಶ್ರಮ ಹೆಚ್ಚು, ಆದರೆ ಮ್ಯುಟೇಶನ್ ರಿಜಿಸ್ಟರಿಗೆ ಹತ್ತಿರವಾದದ್ದು ಇದು. ನಮ್ಮಂಥ ಕಡೆ, ಸಾಫ್ಟ್‌ವೇರಿನವರು ದೂರದಲ್ಲಿದ್ದು ಸಂಸ್ಥೆಯವರು ಇಲ್ಲಿರುವಾಗ, ಈ ಎರಡನೆಯ ದಾರಿಯೇ ಮೇಲು ಎಂದು ನನ್ನ ಗಟ್ಟಿ ಅಭಿಪ್ರಾಯ. ಕಡತವನ್ನು ಅವರು ಕಳಿಸಲಿ, ನೀವು ನೋಡಿ ದಿನಾಂಕ ಹಾಕಿ ಜಾರಿ ಮಾಡಿ.

ಮಾರುವವರು ತಪ್ಪದೆ ಹೇಳುವ ಮಾತು, ಏನೇ ಆದರೂ ಒಂದು ಗುಂಡಿ ಒತ್ತಿ ಹಿಂದಕ್ಕೆ ತರಬಹುದು ಎಂಬುದು. ಇದನ್ನು ಪೂರ್ತಿ ನಂಬಬಾರದು. ಫ್ಲೈವೇಯಲ್ಲಿ ಹಿಂದಕ್ಕೆ ತರುವ ಸೌಲಭ್ಯ ದುಡ್ಡು ಕೊಟ್ಟ ಆವೃತ್ತಿಯಲ್ಲಷ್ಟೇ ಇದೆ. ಲಿಕ್ವಿಬೇಸಿನಲ್ಲಿ ಕೆಲವು ಬಗೆಯ ಬದಲಾವಣೆಗೆ ತಾನಾಗಿ ಬರುತ್ತದೆ, ನೇರ ಎಸ್‌ಕ್ಯೂಎಲ್ ಬರೆದಿದ್ದರೆ ಹಿಂದಕ್ಕೆ ತರುವ ಆದೇಶವನ್ನೂ ನೀವೇ ಬರೆದಿರಬೇಕು. ಇನ್ನು ಡೇಟಾಬೇಸಿನ ಸ್ವಭಾವವೇ ಬೇರೆ ಬೇರೆ. ಪೋಸ್ಟ್‌ಗ್ರೆಸ್ ಮತ್ತು ಎಸ್‌ಕ್ಯೂಎಲ್ ಸರ್ವರಿನಲ್ಲಿ ರಚನೆ ಬದಲಿಸುವ ಹಲವು ಆದೇಶಗಳನ್ನು ಒಂದೇ ವ್ಯವಹಾರವಾಗಿ ಕಟ್ಟಬಹುದು, ನಡುವೆ ಕೆಟ್ಟರೆ ಎಲ್ಲವೂ ಮೊದಲಿನ ಸ್ಥಿತಿಗೆ ಹೋಗುತ್ತವೆ. ಮೈಎಸ್‌ಕ್ಯೂಎಲ್‌ನಲ್ಲಿ ಹಾಗಲ್ಲ, ಪ್ರತಿ ರಚನಾ ಆದೇಶವೂ ಅಲ್ಲಲ್ಲೇ ಕಾಯಂ ಆಗುತ್ತದೆ. ಐದು ಆದೇಶಗಳಲ್ಲಿ ಮೂರು ಮುಗಿದಾಗ ಕರೆಂಟು ಹೋದರೆ ಡೇಟಾಬೇಸು ಅರ್ಧ ಹಳೆಯದು, ಅರ್ಧ ಹೊಸದಾಗಿ ನಿಲ್ಲುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟಿನ ಪಾಡು ಗೊತ್ತಿದ್ದವರು ಈ ವ್ಯತ್ಯಾಸವನ್ನು ಕೇಳದೆ ಸಹಿ ಹಾಕಬಾರದು.

ಆದರೆ ಇವೆಲ್ಲಕ್ಕೂ ಮೊದಲು ಕೇಳಬೇಕಾದದ್ದು ಬ್ಯಾಕಪ್ಪಿನ ಪ್ರಶ್ನೆ, ಅದರಲ್ಲೂ ಅದನ್ನು ಮರಳಿ ಜೋಡಿಸಿ ನೋಡಿದ್ದೀರಾ ಎಂಬ ಪ್ರಶ್ನೆ. ಗಿಟ್‌ಲ್ಯಾಬ್ ಎಂಬ ಕಂಪನಿ ಜಗತ್ತಿನ ಸಾಫ್ಟ್‌ವೇರ್ ಬರೆಯುವವರ ಕಡತಗಳನ್ನು ಕಾಪಾಡುವ ಕೆಲಸವನ್ನೇ ಮಾಡುತ್ತದೆ. 2017ರ ಜನವರಿ 31ರಂದು ಅಲ್ಲಿನ ಒಬ್ಬ ಎಂಜಿನಿಯರ್ ಎರಡನೇ ಸರ್ವರಿನಲ್ಲಿ ಅಳಿಸಬೇಕಾದ ಫೋಲ್ಡರನ್ನು ಮುಖ್ಯ ಸರ್ವರಿನಲ್ಲಿ ಅಳಿಸಿದರು. ತಕ್ಷಣ ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿ ಹೋಗಿತ್ತು. ದಿನವೂ ನಡೆಯುತ್ತಿದೆ ಎಂದುಕೊಂಡಿದ್ದ ಬ್ಯಾಕಪ್ ನಿಜಕ್ಕೂ ನಡೆಯುತ್ತಲೇ ಇರಲಿಲ್ಲ. ಡೇಟಾಬೇಸು 9.6ನೇ ಆವೃತ್ತಿಯದು, ಬ್ಯಾಕಪ್ ತೆಗೆಯುವ ಸಾಧನ 9.2ರದು, ಹಾಗಾಗಿ ಪ್ರತಿ ಸಲ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ಹೇಳುವ ಇ-ಮೇಲುಗಳೂ ತಿರಸ್ಕೃತವಾಗಿ ಯಾರನ್ನೂ ಮುಟ್ಟಿರಲಿಲ್ಲ. ಅದೃಷ್ಟವಶಾತ್ ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿದ್ದ ಒಂದು ಪ್ರತಿ ಸಿಕ್ಕಿತು, ನಡುವಿನ ಆರು ಗಂಟೆಯ ಮಾಹಿತಿ ಮಾತ್ರ ಮರಳಿ ಸಿಗಲಿಲ್ಲ. ಕಂಪನಿ ಎಲ್ಲವನ್ನೂ ಬಹಿರಂಗವಾಗಿ ಬರೆದು ಒಪ್ಪಿಕೊಂಡದ್ದರಿಂದ ನಮಗೆ ಇದು ತಿಳಿದಿದೆ, ಅದಕ್ಕಾಗಿ ಅವರನ್ನು ಮೆಚ್ಚುತ್ತೇನೆ. ಅಷ್ಟು ನುರಿತವರಿಗೇ ಹೀಗಾದರೆ, ಹಸಿರು ಟಿಕ್ಕು ಕಂಡ ಮಾತ್ರಕ್ಕೆ ನಾವು ನೆಮ್ಮದಿಯಾಗಿ ಇರುವಂತಿಲ್ಲ. ಬ್ಯಾಕಪ್ಪನ್ನು ಬೇರೊಂದು ಕಂಪ್ಯೂಟರಿನಲ್ಲಿ ಜೋಡಿಸಿ, ನಿನ್ನೆಯ ಕಿರ್ದಿಗೆ ತಾಳೆ ನೋಡಿದ ಮೇಲೆಯೇ ಅದು ಬ್ಯಾಕಪ್.

ಇಲ್ಲಿ ಬಹಳ ಕಡೆ ಇರುವುದು ಎಸ್‌ಕ್ಯೂಎಲ್ ಸರ್ವರಿನ ಪುಕ್ಕಟೆ ಎಕ್ಸ್‌ಪ್ರೆಸ್ ಆವೃತ್ತಿ. ಅದರ ಎರಡು ಮಿತಿಗಳನ್ನು ತಿಳಿದಿರಬೇಕು. 2022ರ ಆವೃತ್ತಿಯವರೆಗೆ ಒಂದು ಡೇಟಾಬೇಸು 10 ಜಿಬಿ ದಾಟುವಂತಿಲ್ಲ, ದಾಟಿದ ದಿನ ಹೊಸ ನಮೂದು ನಿಲ್ಲುತ್ತದೆ. ಎರಡನೆಯದಾಗಿ, ನಿಗದಿತ ಹೊತ್ತಿಗೆ ತಾನಾಗಿ ಕೆಲಸ ನಡೆಸುವ ಏಜೆಂಟ್ ಎಂಬ ಭಾಗ ಅದರಲ್ಲಿಲ್ಲ. ರಾತ್ರಿ ಬ್ಯಾಕಪ್ ಆಗಬೇಕಾದರೆ ವಿಂಡೋಸಿನ ಟಾಸ್ಕ್ ಶೆಡ್ಯೂಲರ್ ಹಚ್ಚಬೇಕು. ಆಸ್ಪತ್ರೆಯೊಂದರಲ್ಲಿ ದುಬಾರಿ ನಿರ್ವಹಣಾ ಸಾಧನ ಕೊಂಡಿದ್ದರು, ಈ ಸಣ್ಣ ಏರ್ಪಾಡು ಮಾತ್ರ ಆಗಿರಲಿಲ್ಲ. ಹೀಗಾಗಬಾರದು.

ಡೆಮೋಗೆ ಬಂದವರ ಮುಂದೆ ಕನ್ನಡವನ್ನು ಇಡಿ. ಅವರು ತಂದ ಮಾದರಿ ಡೇಟಾ ಎಲ್ಲ ಇಂಗ್ಲಿಷಿನಲ್ಲಿ ಇರುತ್ತದೆ, ಅಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತದೆ. ನಿಮ್ಮ ಡೇಟಾದ ನಕಲು ಕೊಟ್ಟು, ಶಹಾಪುರ, ಸುರಪುರ, ವಡಗೇರಾ ಎಂದು ಹುಡುಕಿಸಿ, ಎಕ್ಸೆಲ್ಲಿಗೆ ಇಳಿಸಿ, ಮತ್ತೆ ಒಳಗೆ ಹಾಕಿಸಿ. ಎಸ್‌ಕ್ಯೂಎಲ್ ಸರ್ವರಿನಲ್ಲಿ ಕಾಲಮ್ಮು ವಾರ್‌ಚಾರ್ ಬಗೆಯದಾಗಿದ್ದರೆ ಕನ್ನಡದ ಹೆಸರು ಸಾಮಾನ್ಯವಾಗಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕೂರುತ್ತದೆ, ಎನ್‌ವಾರ್‌ಚಾರ್ ಇರಬೇಕು. ಒಮ್ಮೆ ಪ್ರಶ್ನಾರ್ಥಕವಾಗಿ ಸೇರಿದ ಅಕ್ಷರ ಮರಳಿ ಕನ್ನಡವಾಗದು. ಹಳೆಯ ನುಡಿ ಅಕ್ಷರಗಳಲ್ಲಿ ಬೆರಳಚ್ಚಿಸಿದ ದಾಖಲೆಗಳಿದ್ದರೆ ಅವನ್ನು ಯೂನಿಕೋಡಿಗೆ ತರುವುದೇ ಬೇರೆ ಕೆಲಸ. ಅದನ್ನು ಮುಗಿಸಿಕೊಂಡ ನಂತರ ಸಾಧನ ಕೊಳ್ಳುವುದು ಲೇಸು, ಏಕೆಂದರೆ ಹೋಲಿಸುವ ಸಾಧನಕ್ಕೆ ನುಡಿಯ ಅಕ್ಷರಗಳು ಬರೀ ಗೀಚಿನಂತೆ ಕಾಣುತ್ತವೆ.

ಆಡಳಿತದ ಸಾಧನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೇ ಬಗೆಯ ಡೇಟಾಬೇಸ್ ಇರುವ ಸಂಸ್ಥೆಗೆ ಅದರ ಜೊತೆ ಬರುವ ಪುಕ್ಕಟೆ ಸಾಧನವೇ ಸಾಕು. ಎರಡು ಮೂರು ಬಗೆ ಇದ್ದರೆ ಡಿಬೀವರಿನ ಕಮ್ಯುನಿಟಿ ಆವೃತ್ತಿ ಸಾಕು. ಅದರಲ್ಲಿ ಅಸಲಿ ಡೇಟಾಬೇಸಿಗೆ ಒಂದು ಬಣ್ಣ, ಪರೀಕ್ಷೆಯದಕ್ಕೆ ಇನ್ನೊಂದು ಬಣ್ಣ ಕೊಡಬಹುದು, ಗಿಟ್‌ಲ್ಯಾಬಿನಲ್ಲಿ ಆದಂಥ ಗೊಂದಲ ಇಷ್ಟರಿಂದಲೇ ಬಹುಮಟ್ಟಿಗೆ ತಪ್ಪುತ್ತದೆ. ಮೈಎಸ್‌ಕ್ಯೂಎಲ್ ವರ್ಕ್‌ಬೆಂಚಿನಲ್ಲಿ ಯಾವ ಸಾಲು ಎಂದು ಹೇಳದೆ ಇಡೀ ಟೇಬಲ್ ತಿದ್ದಲು ಹೋದರೆ ತಡೆಯುವ ಸೇಫ್ ಅಪ್‌ಡೇಟ್ ಇರುತ್ತದೆ, ಕಿರಿಕಿರಿ ಎಂದು ಅದನ್ನು ತೆಗೆದುಹಾಕಬೇಡಿ.

ಬೆಲೆಯ ವಿಷಯದಲ್ಲಿ ಮೊದಲ ವರ್ಷದ ಮೊತ್ತವನ್ನಷ್ಟೇ ನೋಡುವುದು ಸಾಮಾನ್ಯ. ಅದು ಬಳಕೆದಾರರ ಲೆಕ್ಕವೋ, ಡೇಟಾಬೇಸಿನ ಲೆಕ್ಕವೋ, ವರ್ಷ ಮುಗಿದ ಮೇಲೆ ಸಾಧನ ನಡೆಯುತ್ತದೆಯೋ ನಿಲ್ಲುತ್ತದೆಯೋ ಎಂದು ಬರಹದಲ್ಲಿ ಕೇಳಿ. ವಿದೇಶಿ ಕಂಪನಿಯಿಂದ ನೇರ ಡಾಲರಿನಲ್ಲಿ ಕೊಂಡರೆ 18% ಜಿಎಸ್‌ಟಿಯನ್ನು ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ನೀವೇ ಕಟ್ಟಬೇಕಾಗುತ್ತದೆ, ಲೆಕ್ಕ ಪರಿಶೋಧಕರನ್ನು ಮೊದಲೇ ಕೇಳಿ. ಪುಕ್ಕಟೆ ಎಂಬುದೂ ಶಾಶ್ವತವಲ್ಲ. ಫ್ಲೈವೇಯನ್ನು 2019ರಲ್ಲಿ ರೆಡ್‌ಗೇಟ್ ಕೊಂಡಿತು, ಲಿಕ್ವಿಬೇಸ್ 2025ರಲ್ಲಿ ತನ್ನ ಪುಕ್ಕಟೆ ಆವೃತ್ತಿಯ ಪರವಾನಗಿಯನ್ನೇ ಬದಲಿಸಿತು. ಹಾಗಾಗಿ ನಿಮ್ಮ ಬದಲಾವಣೆಯ ಕಡತಗಳು ಸಾದಾ ಎಸ್‌ಕ್ಯೂಎಲ್‌ನಲ್ಲಿ ಇರಲಿ. ನಾಳೆ ಸಾಧನ ಬಿಟ್ಟರೂ ಕಡತ ನಿಮ್ಮದಾಗಿಯೇ ಉಳಿಯುತ್ತದೆ.

ಮಿಲ್ಲುಗಳ ಪೈಕಿ ಪ್ರೈವೇಟ್ ಲಿಮಿಟೆಡ್ ಆಗಿರುವವರಿಗೆ ಇದು ಕಾನೂನಿನ ವಿಷಯವೂ ಹೌದು. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರಿನಲ್ಲಿ ಪ್ರತಿ ತಿದ್ದುಪಡಿಯೂ ದಿನಾಂಕ ಸಮೇತ ದಾಖಲಾಗಬೇಕು, ಆ ದಾಖಲೆಯನ್ನು ಆಫ್ ಮಾಡಲು ಬರಬಾರದು. ಟ್ಯಾಲಿ ಬಳಸುವವರಿಗೆ ಎಡಿಟ್ ಲಾಗ್ ಎಂದು ಇದು ಪರಿಚಿತ. ಆದರೆ ಸಾಫ್ಟ್‌ವೇರಿನ ಮುಂಬಾಗಿಲಲ್ಲಿ ಲಾಗ್ ಇದ್ದು, ಹಿಂಬಾಗಿಲಲ್ಲಿ ಯಾರೋ ನೇರ ಡೇಟಾಬೇಸಿಗೆ ಹೋಗಿ ತಿದ್ದಿದರೆ ಲಾಗಿನಲ್ಲಿ ಏನೂ ಕಾಣದು. ದೇಶದ ಎಷ್ಟೋ ಕಂಪನಿಗಳ ಆಡಿಟ್ ವರದಿಗಳಲ್ಲಿ ಡೇಟಾಬೇಸ್ ಮಟ್ಟದಲ್ಲಿ ಈ ದಾಖಲೆ ಇರಲಿಲ್ಲ ಎಂಬ ಷರಾ ಬಂದದ್ದು ಇದೇ ಕಾರಣಕ್ಕೆ. ಎನಿಡೆಸ್ಕಿನ ಎರಡು ನಿಮಿಷದ ಕೆಲಸಕ್ಕೆ ಕೊನೆ ಹಾಡಲು ಇನ್ನೊಂದು ಕಾರಣ ಬೇಕಿಲ್ಲ.

ಕೃಷಿ ಪತ್ತಿನ ಸಹಕಾರ ಸಂಘಗಳ ಕಾರ್ಯದರ್ಶಿಗಳೂ ಕೆಲವರು ಕೇಳಿದ್ದಾರೆ. 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ 2,516 ಕೋಟಿ ರೂಪಾಯಿಯ ಗಣಕೀಕರಣ ಯೋಜನೆಯಲ್ಲಿ ಅಂಥ ಸಂಘಗಳಿಗೆ ಸಾಮಾನ್ಯ ಸಾಫ್ಟ್‌ವೇರ್ ಬರುತ್ತದೆ, ನೀವು ಪ್ರತ್ಯೇಕವಾಗಿ ಇಂಥ ಸಾಧನ ಕೊಳ್ಳುವ ಅಗತ್ಯ ಕಾಣುವುದಿಲ್ಲ. ಹಳೆಯ ಡೇಟಾ ಹೊಸದಕ್ಕೆ ಹೋಗುವಾಗ ಹಳೆಯದರ ಪೂರ್ತಿ ಪ್ರತಿಯನ್ನು ಇಟ್ಟುಕೊಳ್ಳಿ, ಸದಸ್ಯರ ಬಾಕಿಗಳನ್ನು ಸಾಲು ಸಾಲಾಗಿ ತಾಳೆ ನೋಡಿ.

ಉಳಿದವರಿಗೆ ನನ್ನ ಸಲಹೆ ಇಷ್ಟು. ಮುಖ್ಯ ಪಾಸ್‌ವರ್ಡನ್ನು ಈ ವಾರವೇ ನಿಮ್ಮ ಕೈಗೆ ತೆಗೆದುಕೊಂಡು, ಸಾಫ್ಟ್‌ವೇರಿನವರಿಗೆ ಅವರ ಹೆಸರಿನಲ್ಲೇ ಬೇರೆ ಲಾಗಿನ್ ಕೊಡಿ. ಒಂದು ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನಲ್ಲಿ ಜೋಡಿಸಿ ನೋಡಿ. ಆಮೇಲೆ ಪುಕ್ಕಟೆ ಸಾಧನದಲ್ಲೇ ಕೆಲವು ತಿಂಗಳು ಪ್ರತಿ ಬದಲಾವಣೆಗೂ ಸಂಖ್ಯೆ, ದಿನಾಂಕ, ಒಪ್ಪಿದವರ ಹೆಸರು ಬರೆದು ನಡೆಸಿ. ಅಷ್ಟಾದ ಮೇಲೂ ಕೆಲಸ ತಡೆಯುತ್ತಿದ್ದರೆ ದುಡ್ಡಿನ ಸಾಧನ ಕೊಳ್ಳಿ, ಅದೂ ನಿಮ್ಮ ಡೇಟಾದ ನಕಲಿನ ಮೇಲೆ ನಡೆಸಿ ತೋರಿಸಿದವರಿಂದ ಮಾತ್ರ. ನಕಲಿನ ಮೇಲೆ ನಡೆಸಿ ತೋರಿಸಲು ಒಪ್ಪದವರ ಕೊಟೇಶನ್ ಎಷ್ಟೇ ಅಗ್ಗವಾಗಿದ್ದರೂ ವಾಪಸ್ ಕಳಿಸಿ.